ಗಂಗೆಯನ್ನು ನೋಡಿ, ನಾಗವಲ್ಲಿಯನ್ನಲ್ಲ: 'ಮಣಿಚಿತ್ರತ್ತಾಳ್' ಮತ್ತು 'ಆಪ್ತಮಿತ್ರ'ದ ಅಭಿನಯ ಹೋಲಿಸುವ ಬಗೆ

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು. ಮನೆಯಲ್ಲಿ ಕನ್ನಡ ಸಿನಿಮಾನೂ ನೋಡುತ್ತೇವೆ, ಮಲಯಾಳದ್ದೂ ನೋಡುತ್ತೇವೆ. 'ಆಪ್ತಮಿತ್ರ'ದ ಸೌಂದರ್ಯಾ ಮೇಲೋ, 'ಮಣಿಚಿತ್ರತ್ತಾಳ್'ನ ಶೋಭನಾ ಮೇಲೋ ಎಂಬ ವಾದ ವರ್ಷಗಳಿಂದ ಮುಗಿದಿಲ್ಲ. ಅಪ್ಪ ಕನ್ನಡದ ಪಕ್ಷ, ಅತ್ತೆ ಮಲಯಾಳದ ಪಕ್ಷ. ಮುಂದಿನ ತಿಂಗಳು ನಮ್ಮ ಗೆಳೆಯರ ಬಳಗದಲ್ಲಿ ಇದೇ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಬೇಕಾಗಿದೆ. ಬರೀ 'ನನಗೆ ಇದು ಇಷ್ಟ' ಎನ್ನದೆ ಅಭಿನಯವನ್ನು ಸರಿಯಾಗಿ ಹೋಲಿಸುವುದು ಹೇಗೆ? ನಿಮ್ಮ ತೀರ್ಪೂ ಬೇಕು.

ಉತ್ತರ: ತೀರ್ಪನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಅದಕ್ಕೆ ಕಾರಣ. ಎರಡೂ ಚಿತ್ರದ ಕತೆ ಒಂದೇ: ಹಳೆಯ ಮನೆಯ ಬೀಗ ಹಾಕಿದ ಕೋಣೆ ತೆರೆದ ಸೊಸೆ ಗಂಗೆ, ಮನಸ್ಸಿನ ಕಾಯಿಲೆಯಿಂದ, ಹಿಂದೆ ಅಲ್ಲಿ ಕೊಲೆಯಾದ ನರ್ತಕಿ ನಾಗವಲ್ಲಿಯೇ ತಾನೆಂಬಂತೆ ನಡೆದುಕೊಳ್ಳುತ್ತಾಳೆ. ಒಂದೇ ಪಾತ್ರವಾಗಿ ಹಿಡಿದು ನೋಡಿದರೆ ಶೋಭನಾ ಅವರ ಗಂಗೆ ಹೆಚ್ಚು ಪೂರ್ಣ. ಆದರೆ ಆ ಪೂರ್ಣತೆಯಲ್ಲಿ ದೊಡ್ಡ ಪಾಲು ಚಿತ್ರಕತೆ ಕೊಟ್ಟ ಸಮಯದ್ದು, ಇನ್ನೊಂದು ಪಾಲು ಬೇರೆಯವರು ಕೊಟ್ಟ ಕಂಠದ್ದು. ಸೌಂದರ್ಯಾ ಅವರಿಗೆ ಸಿಕ್ಕಿದ್ದು ಕಡಿಮೆ ಜಾಗ. ಅಷ್ಟರಲ್ಲಿ ಅವರು ಮಾಡಿದ್ದು ನಿಮ್ಮ ಅತ್ತೆಯವರು ಒಪ್ಪುವುದಕ್ಕಿಂತ ಬಹಳ ಹೆಚ್ಚು.

ಈಗ ವಾದ ಯಾಕೆ ಮುಗಿಯುವುದಿಲ್ಲ ಎಂಬುದನ್ನು ನೋಡೋಣ. ಎಲ್ಲರೂ ಹೋಲಿಸುವುದು ಕೊನೆಯ ಕುಣಿತವನ್ನು. ಕೆದರಿದ ಕೂದಲು, ಹರಡಿದ ಕಾಡಿಗೆ, ಅರಳಿದ ಕಣ್ಣು, ಗೆಜ್ಜೆಯ ಸದ್ದು. ಅಲ್ಲಿ ನಟಿಯ ಜೊತೆಗೆ ಸಂಗೀತ, ಬೆಳಕು, ಹೊಗೆ, ಸಂಕಲನ, ನೃತ್ಯ ನಿರ್ದೇಶನ ಎಲ್ಲವೂ ಕೆಲಸ ಮಾಡುತ್ತಿರುತ್ತವೆ. ಯಾವುದು ಯಾರ ಕೆಲಸ ಎಂದು ಬೇರ್ಪಡಿಸುವುದೇ ಕಷ್ಟ. ಹೋಲಿಕೆಗೆ ನಾಗವಲ್ಲಿಯನ್ನು ಬದಿಗಿಡಿ, ಗಂಗೆಯನ್ನು ತೆಗೆದುಕೊಳ್ಳಿ. ದಿನನಿತ್ಯದ ಗಂಗೆ ಹೇಗೆ ನಡೆಯುತ್ತಾಳೆ, ಗಂಡನ ಮಾತಿಗೆ ಹೇಗೆ ತಿರುಗುತ್ತಾಳೆ, ಕತೆ ಕೇಳುವಾಗ ಅವಳ ಕೈ ಎಲ್ಲಿರುತ್ತದೆ, ಇವು ಗೊತ್ತಿಲ್ಲದೆ ನಾಗವಲ್ಲಿಯ ಅಭಿನಯಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಬದಲಾದದ್ದು ಎಷ್ಟು ಎಂದು ಅಳೆಯಬೇಕಾದರೆ ಮೊದಲು ಹೇಗಿತ್ತು ಎಂದು ತಿಳಿದಿರಬೇಕಲ್ಲ.

ಎರಡು ಚಿತ್ರಗಳ ಹೆಸರನ್ನೇ ನೋಡಿ. 'ಮಣಿಚಿತ್ರತ್ತಾಳ್' ಎಂದರೆ ಚಿತ್ತಾರದ ಬೀಗ, ಅಂದರೆ ಮುಚ್ಚಿಟ್ಟ ಕೋಣೆ ಮತ್ತು ಅದನ್ನು ತೆರೆದವಳು. 'ಆಪ್ತಮಿತ್ರ' ಎಂದರೆ ಗೆಳೆಯ, ಅಂದರೆ ಗುಣಪಡಿಸಲು ಬಂದವನು. ಒಂದೇ ಕತೆಯ ಭಾರ ಎರಡು ಕಡೆಗೆ ವಾಲಿದೆ. ಫಾಜಿಲ್ ನಿರ್ದೇಶಿಸಿ 1993ರ ಡಿಸೆಂಬರ್‌ನಲ್ಲಿ ತೆರೆಗೆ ಬಂದ ಮಲಯಾಳ ಚಿತ್ರದಲ್ಲಿ ಮಧು ಮುಟ್ಟಂ ಬರೆದ ಚಿತ್ರಕತೆ ಡಾ. ಸನ್ನಿಯನ್ನು, ಅಂದರೆ ಮೋಹನ್‌ಲಾಲ್ ಅವರಂಥ ತಾರೆಯನ್ನು, ಕತೆ ಸಾಕಷ್ಟು ದೂರ ಸಾಗಿದ ಮೇಲೆ ಒಳಗೆ ಬಿಡುತ್ತದೆ. ಅಲ್ಲಿಯವರೆಗೆ ಮನೆ, ಕೋಣೆ, ಗಂಗೆ. ಪಿ. ವಾಸು ನಿರ್ದೇಶನದ, ದ್ವಾರಕೀಶ್ ನಿರ್ಮಿಸಿದ 'ಆಪ್ತಮಿತ್ರ' 2004ರ ಆಗಸ್ಟ್‌ನಲ್ಲಿ ಬಂತು. ಅಲ್ಲಿ ವಿಷ್ಣುವರ್ಧನ್ ಅವರ ಡಾ. ವಿಜಯ್ ಮೊದಲ ಭಾಗದಲ್ಲೇ ಬಂದು ನಿಲ್ಲುತ್ತಾರೆ. ಹಾಸ್ಯ, ಹೊಡೆದಾಟ, ಹಾಡು ಎಲ್ಲವೂ ಅವರ ಸುತ್ತ. ಇದು ತಪ್ಪಲ್ಲ, ಬೇರೆ ಬಗೆಯ ಚಿತ್ರ. ಆದರೆ ಗಂಗೆಯ ಪಾಲಿಗೆ ಇದರ ಫಲ ನೇರ: ಅವಳ ದೃಶ್ಯಗಳು ಒಂದರಿಂದ ಒಂದಕ್ಕೆ ದೂರ ಬೀಳುತ್ತವೆ. ಸಣ್ಣ ಸಣ್ಣ ಬದಲಾವಣೆಗಳನ್ನು ಪೋಣಿಸುತ್ತ ಹೋಗುವ ಅವಕಾಶ ಶೋಭನಾ ಅವರಿಗೆ ಇತ್ತು. ಸೌಂದರ್ಯಾ ಪ್ರತಿ ಬಾರಿಯೂ ಹೊಸದಾಗಿ ಶುರುಮಾಡಬೇಕಿತ್ತು.

ಇದನ್ನು ಬರೀ ಅನಿಸಿಕೆಯಾಗಿ ಬಿಡಬೇಡಿ, ಅಳೆದು ನೋಡಿ. ಎರಡೂ ಚಿತ್ರ ಹಾಕಿಕೊಂಡು ಗಂಗೆ ತೆರೆಯ ಮೇಲಿರುವ ಪ್ರತಿ ದೃಶ್ಯದ ಆರಂಭ ಮತ್ತು ಕೊನೆಯ ಸಮಯವನ್ನು ನಿಮಿಷ ಸೆಕೆಂಡಿನ ಸಮೇತ ಬರೆದುಕೊಳ್ಳಿ. ಗಂಡನ ಎದುರೇ ಅವಳು ನಾಗವಲ್ಲಿಯಾಗಿ ಬದಲಾಗುವ ತಿರುವಿನ ದೃಶ್ಯದವರೆಗೆ ಮಾತ್ರ ಸಾಕು. ಒಂದು ಚಿತ್ರಕ್ಕೆ ಒಂದು ಸಂಜೆ ಬೇಕಾಗುತ್ತದೆ. ಪಕ್ಕದ ಕಾಲಂನಲ್ಲಿ ಅವಳು ಮಾತಾಡುತ್ತಿದ್ದಾಳೋ, ಕೇಳುತ್ತಿದ್ದಾಳೋ, ಸುಮ್ಮನೆ ಹಿನ್ನೆಲೆಯಲ್ಲಿದ್ದಾಳೋ ಬರೆಯಿರಿ. ಕೇಳುವ ದೃಶ್ಯಗಳಿಗೆ ಹೆಚ್ಚು ಗಮನ ಕೊಡಿ. ನಟರ ಅಳತೆ ಸಿಗುವುದು ಅವರು ಮಾತಾಡದೆ ಇರುವಾಗ. ಈ ಕತೆಯಲ್ಲಿ ಅದಕ್ಕೆ ಇನ್ನೂ ಒಂದು ಕಾರಣವಿದೆ. ಗಂಗೆಯ ಕಾಯಿಲೆಯೇ ಕೇಳುವುದರಿಂದ ಹುಟ್ಟಿದ್ದು. ಮಲಯಾಳದ ಗಂಗೆ ಅಜ್ಜಿಯ ಕತೆ ಕೇಳುತ್ತ ಬೆಳೆದವಳು, ತಂದೆ ತಾಯಿ ದೂರದ ಕಲ್ಕತ್ತೆಯಲ್ಲಿದ್ದರು. ನಾಗವಲ್ಲಿಯ ಕತೆಯನ್ನು ಕೆ.ಪಿ.ಎ.ಸಿ. ಲಲಿತಾ ಅವರ ಪಾತ್ರ ಭಯದಿಂದ ಹೇಳುತ್ತದೆ, ಗಂಗೆ ಹಸಿವಿನಿಂದ ಕೇಳುತ್ತಾಳೆ. ಆ ಹಸಿವು ಶೋಭನಾ ಅವರ ಮುಖದಲ್ಲಿ ಮೊದಲ ಸಲ ಕಾಣುವುದು ಅಲ್ಲಿಯೇ. ಮೊದಲ ಬಾರಿ ನೋಡುವವರಿಗೆ ಅದು ಬರೀ ಕುತೂಹಲ. ಎರಡನೆಯ ಬಾರಿ ನೋಡಿದರೆ ಬೆನ್ನು ತಣ್ಣಗಾಗುತ್ತದೆ. ಮೊದಲ ನೋಟಕ್ಕೆ ಸುಳ್ಳಾಗದೆ ಎರಡನೆಯ ನೋಟಕ್ಕೆ ಸುಳಿವಾಗಿ ನಿಲ್ಲುವ ಅಭಿನಯ, ಈ ಪಾತ್ರದ ನಿಜವಾದ ಪರೀಕ್ಷೆ ಅದು. ಶೋಭನಾ ಅದರಲ್ಲಿ ಪೂರ್ತಿ ಗೆದ್ದಿದ್ದಾರೆ.

ಸೌಂದರ್ಯಾ ಅವರ ಗಂಗೆ ಮೊದಲ ಭಾಗದಲ್ಲಿ ಬೇರೆ ದಾರಿ ಹಿಡಿಯುತ್ತಾಳೆ. ಅವಳು ನಗುಮುಖದ, ಹಗುರ ಮನಸ್ಸಿನ ಸೊಸೆ. ಸುಳಿವು ಕಡಿಮೆ, ಅಕ್ಕರೆ ಹೆಚ್ಚು. ಇದನ್ನು ಕೊರತೆ ಎಂದು ಬರೆಯುವ ಮೊದಲು ಕನ್ನಡದ ಪ್ರೇಕ್ಷಕರಿಗೆ ಏನಾಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಷ್ಟು ನಮ್ಮವಳಾದ ಹುಡುಗಿಯ ಬಾಯಿಂದ ಆ ಗದರು ಬಂದಾಗ ಆಗುವ ಆಘಾತ ಹೆಚ್ಚು. ಮಲಯಾಳದಲ್ಲಿ ಭಯ ಮೆಲ್ಲನೆ ಏರುತ್ತದೆ, ಕನ್ನಡದಲ್ಲಿ ಒಮ್ಮೆಲೇ ಮುರಿಯುತ್ತದೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಸೌಂದರ್ಯಾ 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು, ಚಿತ್ರ ಬಂದದ್ದು ನಾಲ್ಕು ತಿಂಗಳ ನಂತರ. ಮುಳಬಾಗಿಲಿನ ಆ ಹೆಣ್ಣುಮಗಳನ್ನು ಕಳೆದುಕೊಂಡ ನೋವಿನಲ್ಲೇ ಜನ ಚಿತ್ರಮಂದಿರಕ್ಕೆ ಹೋದರು. ನಿಮ್ಮ ತಂದೆಯವರ ಪಕ್ಷಪಾತದಲ್ಲಿ ಆ ದುಃಖದ ಪಾಲೂ ಇರಬಹುದು. ಅದನ್ನು ಗೌರವಿಸಿ, ಆದರೆ ಹೋಲಿಕೆಯ ಕಾಲಂನಲ್ಲಿ ಬೇರೆಯಾಗಿ ಇಡಿ.

ಈಗ ತಿರುವಿನ ದೃಶ್ಯ. ನಿಮ್ಮ ಅರ್ಧ ಗಂಟೆಯಲ್ಲಿ ಹೆಚ್ಚು ಹೊತ್ತು ಇದಕ್ಕೇ ಕೊಡಿ. ಗಂಗೆ ಒಡವೆ ತರಲು ಪೇಟೆಗೆ ಹೊರಟಿದ್ದಾಳೆ. ವೈದ್ಯ ಮೊದಲೇ ಹೇಳಿಕೊಟ್ಟಂತೆ ಗಂಡ 'ಹೋಗಬೇಡ' ಎನ್ನುತ್ತಾನೆ. ಅಷ್ಟೇ. ದೀಪ ಆರುವುದಿಲ್ಲ, ಗಾಳಿ ಬೀಸುವುದಿಲ್ಲ, ಕೋಣೆಯಲ್ಲಿ ಇರುವುದು ಗಂಡ ಹೆಂಡತಿ ಮಾತ್ರ. ಹೆಂಡತಿ ಮೊದಲು ಅಚ್ಚರಿಪಡುತ್ತಾಳೆ, ಆಮೇಲೆ ಗೋಗರೆಯುತ್ತಾಳೆ, ಆಮೇಲೆ ಕೇಳುತ್ತಾಳೆ, ಆಮೇಲೆ ಅವಳು ಅವಳಾಗಿರುವುದಿಲ್ಲ. ಗಂಡ ಹೆಸರು ಹಿಡಿದು ಕೂಗಿದಾಗ ಮರಳಿ ಬರುತ್ತಾಳೆ, ನಡೆದದ್ದು ನೆನಪಿಲ್ಲ. ಏನೋ ನಡೆಯಲಿದೆ ಎಂದು ಪ್ರೇಕ್ಷಕರಿಗೆ ಮೊದಲೇ ಗೊತ್ತು, ಆದರೂ ಬೆಚ್ಚಬೇಕು. ನಟಿಗೆ ಇದಕ್ಕಿಂತ ಕಠಿಣ ಪರಿಸ್ಥಿತಿ ಬೇರೆ ಇಲ್ಲ.

ಈ ದೃಶ್ಯವನ್ನು ಮೂರು ಸಲ ನೋಡಿ. ಮೊದಲ ಸಲ ಶಬ್ದ ಪೂರ್ತಿ ಬಂದ್ ಮಾಡಿ. ಎರಡನೆಯ ಸಲ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಮೂರನೆಯ ಸಲ ಎರಡೂ ಕೂಡಿ. ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ಮಾಡಿಟ್ಟಿರುವುದು ಇಂಥ ಕೆಲಸಕ್ಕೆ ಬಹಳ ಅನುಕೂಲ. ಶಬ್ದವಿಲ್ಲದೆ ನೋಡಿದಾಗ ಸಿಗುವುದು ಆಂಗಿಕ: ಹುಬ್ಬು, ಕುತ್ತಿಗೆ, ಭುಜ, ಕೈ. ಕೇಳಿದಾಗ ಸಿಗುವುದು ವಾಚಿಕ. ಆಹಾರ್ಯ, ಅಂದರೆ ಉಡುಗೆ ತೊಡುಗೆ ಮತ್ತು ಮೇಕಪ್, ಈ ದೃಶ್ಯದಲ್ಲಿ ಬದಲಾಗುವುದೇ ಇಲ್ಲ. ಆದ್ದರಿಂದಲೇ ಇದು ಕೊನೆಯ ಕುಣಿತಕ್ಕಿಂತ ಶುದ್ಧವಾದ ಮಾದರಿ. ಸಾತ್ವಿಕ ಮೂರನೆಯ ಸಲಕ್ಕೆ ಕಾಣುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟರಲ್ಲಿ ಇಲ್ಲಿ ಮುಖ್ಯವಾದವು ಸ್ತಂಭ ಮತ್ತು ಸ್ವರಭೇದ. ಮೈ ಒಂದು ಕ್ಷಣ ಕಲ್ಲಾಗುವುದು, ದನಿ ಬೇರೆಯಾಗುವುದು.

ಶಬ್ದ ಬಂದ್ ಮಾಡಿ ನೋಡಿದಾಗ ಶೋಭನಾ ಅವರಲ್ಲಿ ಗಮನಿಸಬೇಕಾದ್ದು ಕಣ್ಣಿಗಿಂತ ಮೊದಲು ಕುತ್ತಿಗೆ. ಭರತನಾಟ್ಯದ ಪಳಗಿದ ದೇಹ ಅದು. ಸಾಮಾನ್ಯ ಗಂಗೆಯಾಗಿರುವಾಗ ಆ ತಾಲೀಮನ್ನು ಅವರು ಬೇಕೆಂದೇ ಅಡಗಿಸಿಡುತ್ತಾರೆ. ಭುಜ ಸಡಿಲ, ನಡಿಗೆ ಸಾದಾ. ತಿರುವಿನಲ್ಲಿ ಅಡಗಿಸಿಟ್ಟದ್ದು ಹೊರಗೆ ಬರುತ್ತದೆ, ತಲೆ ಒಂದು ಕಡೆಗೆ ಓರೆಯಾಗಿ ನಿಲ್ಲುವ ರೀತಿಯಲ್ಲೇ ಇವಳು ನರ್ತಕಿ ಎಂದು ತಿಳಿಯುತ್ತದೆ. ಒಬ್ಬ ನರ್ತಕಿ ನರ್ತಕಿಯಲ್ಲದವಳಾಗಿ ನಟಿಸಿ, ಆಮೇಲೆ ಮತ್ತೆ ನರ್ತಕಿಯಾಗುವುದು. ಈ ಎರಡು ಮಡಿಕೆ ಸೌಂದರ್ಯಾ ಅವರಿಗೆ ಸಿಗುವಂತಿರಲಿಲ್ಲ. ಅವರು ಮೊದಲಿಂದಲೂ ಮುಖದ, ಅದರಲ್ಲೂ ಕಣ್ಣಿನ ನಟಿ. ಅವರ ತಿರುವು ಕಣ್ಣಿನಲ್ಲಿ ಹುಟ್ಟುತ್ತದೆ, ದೇಹ ಕೊನೆಗೆ ಬರುತ್ತದೆ. ಹಾಗಾಗಿ ಕ್ಲೋಸಪ್ಪಿನಲ್ಲಿ ಅವರು ಶೋಭನಾ ಅವರಿಗೆ ಸಮ. ಇಡೀ ದೇಹ ಕಾಣುವ ಶಾಟಿನಲ್ಲಿ ಅಂತರ ತಿಳಿಯುತ್ತದೆ.

ವಾಚಿಕದ ವಿಷಯಕ್ಕೆ ಬರೋಣ. ಹೆಚ್ಚಿನ ಹೋಲಿಕೆಗಳು ಎಡವುವುದು ಇಲ್ಲೇ. ಮಲಯಾಳ ಚಿತ್ರದಲ್ಲಿ ಕೇಳುವ ದನಿ ಶೋಭನಾ ಅವರದ್ದಲ್ಲ. ಗಂಗೆಗೆ ಕಂಠದಾನ ಮಾಡಿದವರು ಭಾಗ್ಯಲಕ್ಷ್ಮಿ. ನಾಗವಲ್ಲಿಯಾಗಿ ತಮಿಳು ಮಾತಾಡುವ ದನಿ ದುರ್ಗಾ ಎಂಬ ತಮಿಳು ಡಬ್ಬಿಂಗ್ ಕಲಾವಿದೆಯದ್ದು. ಇಬ್ಬರದ್ದೂ ಭಾಗ್ಯಲಕ್ಷ್ಮಿಯವರದ್ದೇ ಎಂದು ಜನ ಎಷ್ಟೋ ವರ್ಷ ನಂಬಿದ್ದರು. ದುರ್ಗಾ ಅವರ ಪಾಲನ್ನು ಫಾಜಿಲ್ ಅವರೇ ಮುಂದೆ ಸ್ಪಷ್ಟಪಡಿಸಿದರು. ಹಾಗಾದರೆ ರಾಷ್ಟ್ರಪ್ರಶಸ್ತಿ ಪಡೆದ ಆ ಪಾತ್ರ ಮೂವರು ಹೆಂಗಸರು ಸೇರಿ ಕಟ್ಟಿದ್ದು: ಒಂದು ದೇಹ, ಎರಡು ಕಂಠ. ಇದರಿಂದ ಶೋಭನಾ ಅವರ ಹಿರಿಮೆ ಕುಗ್ಗುವುದಿಲ್ಲ. ತುಟಿಯ ಚಲನೆ, ಉಸಿರಿನ ಏರಿಳಿತ, ಗಂಟಲಿನ ನರ ಬಿಗಿಯುವುದು ಎಲ್ಲವೂ ಅವರದ್ದೇ. ಆ ಬಿಗಿತಕ್ಕೆ ಹೊಂದುವಂತೆ ದನಿ ಕೊಟ್ಟವರ ಕೆಲಸವೂ ಅಷ್ಟೇ ದೊಡ್ಡದು. ಆದರೆ 'ಶೋಭನಾ ದನಿ ಬದಲಿಸಿದ ರೀತಿ ಎಂಥದ್ದು!' ಎಂದು ನಿಮ್ಮ ಬಳಗದಲ್ಲಿ ಹೇಳಿದರೆ, ತಿಳಿದವರು ಯಾರಾದರೂ ಇದ್ದರೆ, ಮಾತು ಅಲ್ಲೇ ಬಿದ್ದುಹೋಗುತ್ತದೆ. ಬೆನ್ನು ಹಾಕಿ ಕೇಳಿದಾಗ ಸಿಕ್ಕಿದ ಅಂಕಗಳನ್ನು ಕಂಠದ ಕಲಾವಿದೆಯರ ಹೆಸರಿಗೇ ಬರೆಯಿರಿ.

ಇನ್ನೊಂದು ಸಂಗತಿ ಭಾಷೆಯದ್ದು, ಕೊಡಗಿನವರಾದ ನಿಮಗೆ ಇದು ಬೇರೆಯವರಿಗಿಂತ ಬೇಗ ತಿಳಿಯುತ್ತದೆ. ಮಲಯಾಳದ ಗಂಗೆ ತಿರುವಿನಲ್ಲಿ ತಮಿಳಿಗೆ ಜಾರುತ್ತಾಳೆ, ಏಕೆಂದರೆ ನಾಗವಲ್ಲಿ ತಂಜಾವೂರಿನವಳು. ಕನ್ನಡದ ಗಂಗೆ ತೆಲುಗಿಗೆ ಹೋಗುತ್ತಾಳೆ. ಎರಡೂ ಒಂದೇ ತಂತ್ರ ಎಂದು ಕಾಣುತ್ತದೆ, ಆದರೆ ನಟಿಗೆ ಇವು ಎರಡು ಬೇರೆ ಬೇರೆ ಕೆಲಸ. ತಮಿಳು ಮಲಯಾಳ ಹತ್ತಿರದ ದಾಯಾದಿಗಳು. 'ಞಾನ್' ಎಂಬುದು 'ನಾನ್' ಆಗಲು, ಹೋಗುವುದಕ್ಕೆ ಅಲ್ಲಿಯೂ ಇಲ್ಲಿಯೂ ಇರುವ 'ಪೋ' ಎಂಬುದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲು ಹೆಚ್ಚು ದೂರ ಬೇಕಿಲ್ಲ. ಆದ್ದರಿಂದ ಮಲಯಾಳದಲ್ಲಿ ಶುರುವಾದ ಮಾತು ಎಲ್ಲಿ ತಮಿಳಾಯಿತು ಎಂದು ಗಂಡನಿಗೂ ತಿಳಿಯುವುದಿಲ್ಲ, ನೋಡುವವರಿಗೂ ತಿಳಿಯುವುದಿಲ್ಲ. 'ವಿಡಮಾಟ್ಟೆ', ಅಂದರೆ 'ಬಿಡುವುದಿಲ್ಲವಾ', ಎಂಬ ಆ ಹೆಸರುವಾಸಿ ಪ್ರಶ್ನೆ ಕಿವಿಗೆ ಬಿದ್ದಾಗ ದಾಟುವುದು ಆಗಲೇ ಮುಗಿದಿರುತ್ತದೆ. ಕನ್ನಡ ತೆಲುಗು ಲಿಪಿಯಲ್ಲಿ ಅಕ್ಕ ತಂಗಿಯರು, ಆದರೆ ದಿನಬಳಕೆಯ ಕ್ರಿಯಾಪದದಲ್ಲಿ ದೂರ. 'ಬಾ' ಅಲ್ಲಿ 'ರಾ', 'ಹೋಗು' ಅಲ್ಲಿ 'ವೆಳ್ಳು', 'ನಾನು' ಅಲ್ಲಿ 'ನೇನು'. ಜಾರಲು ಇಳಿಜಾರೇ ಇಲ್ಲ, ಹಾರಲೇಬೇಕು. ಹೀಗಾಗಿ ಸೌಂದರ್ಯಾ ಅವರ ತಿರುವು ಥಟ್ಟನೆ ಆಗುವುದಕ್ಕೆ ಅವರ ಅಭಿನಯದ ಆಯ್ಕೆಯಷ್ಟೇ ಭಾಷೆಯೂ ಕಾರಣ. ಶೋಭನಾ ಅವರ ತಿರುವು ನಯವಾಗಿ ಕಾಣುವುದಕ್ಕೂ ಭಾಷೆಯ ಸಹಾಯ ಉಂಟು. ಜೊತೆಗೆ ಸೌಂದರ್ಯಾ ತೆಲುಗಿನ ದೊಡ್ಡ ತಾರೆ ಎಂಬುದು ಇಲ್ಲಿನ ಪ್ರೇಕ್ಷಕರಿಗೆ ಗೊತ್ತೇ ಇತ್ತು. ಅವರ ಬಾಯಲ್ಲಿ ತೆಲುಗು ಅಪರಿಚಿತವಲ್ಲ. ಆ ಪರಿಚಯವನ್ನು ಮರೆಸಿ ಬೆಚ್ಚಿಸಬೇಕಿತ್ತು, ಬೆಚ್ಚಿಸಿದರು.

ಕೊಡಗಿನವರಿಗೆ ಬೇಗ ತಿಳಿಯುತ್ತದೆ ಎಂದೆ. ತೆರೆ, ಅಂದರೆ ವೇಷ ಕಟ್ಟಿದವರ ಮೈಮೇಲೆ ದೈವ ಬರುವ ಆಚರಣೆ, ಕಟ್ಟುವುದನ್ನು ನೋಡುತ್ತ ಬೆಳೆದವರು ನೀವು. ಕುಟ್ಟಿಚಾತನ ತೆರೆಯೋ ವಿಷ್ಣುಮೂರ್ತಿಯ ತೆರೆಯೋ, ದೈವ ಬಂದ ಮೇಲೆ ನುಡಿ ಮಲಯಾಳದ ಕಡೆಗೆ ಹೊರಳುವುದನ್ನು ಕೇಳಿರುತ್ತೀರಿ. ಮೈಮೇಲೆ ಬಂದಾಗ ಭಾಷೆ ಬದಲಾಗುವುದು ನಿಮಗೆ ಸಿನಿಮಾ ತಂತ್ರ ಅಲ್ಲ, ಊರಿನ ಅನುಭವ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ, ಆದರೆ ಒಂದು ಎಚ್ಚರ ಇರಲಿ. ತೆರೆಯಲ್ಲಿ ಬದಲಾಗುವುದಕ್ಕೆ ಸಿದ್ಧತೆ ಇದೆ: ಮುಖಬರಹ, ಚೆಂಡೆ, ದೈವದ ಕತೆ ಹೇಳುವ ತೋಟಂ ಪಾಟ್ಟ್ ಹಾಡು, ಕನ್ನಡಿಯಲ್ಲಿ ಮುಖ ನೋಡುವ ಆ ಒಂದು ಗಳಿಗೆ. ಅಲ್ಲಿ ನಡುಕ ಮೊದಲು ಬರುತ್ತದೆ, ನುಡಿ ಆಮೇಲೆ. ಗಂಗೆಯ ತಿರುವಿನಲ್ಲಿ ಚೆಂಡೆಯಿಲ್ಲ, ನಡುಕವೂ ಇಲ್ಲ. ಅವಳು ಆವೇಶ ಬಂದವಳಲ್ಲ, ಕತೆಯ ಪ್ರಕಾರ ಮನಸ್ಸಿನ ಕಾಯಿಲೆಯವಳು. ಇಬ್ಬರು ನಟಿಯರೂ ನಡುಕವನ್ನು ದೂರವಿಟ್ಟದ್ದು ಸರಿಯಾದ ತಿಳಿವಳಿಕೆಯಿಂದಲೇ. 'ನಮ್ಮಲ್ಲಿ ಮೈಮೇಲೆ ಬಂದರೆ ಹೀಗಿರುವುದಿಲ್ಲ' ಎಂದು ಬಳಗದಲ್ಲಿ ಯಾರಾದರೂ ಆಕ್ಷೇಪ ಎತ್ತಿಯೇ ಎತ್ತುತ್ತಾರೆ. ಅದಕ್ಕೆ ಉತ್ತರ ಇದು.

ಮನೆಯ ವಿಷಯವೂ ಅಭಿನಯಕ್ಕೆ ಸಂಬಂಧಪಟ್ಟದ್ದೇ. ಮಲಯಾಳದಲ್ಲಿ ಕತೆ ನಡೆಯುವುದು ಒಂದು ತರವಾಡಿನಲ್ಲಿ, ಅಂದರೆ ಹಳೆಯ ಕೂಡುಕುಟುಂಬದ ಮನೆಯಲ್ಲಿ. ನಾಗವಲ್ಲಿಯನ್ನು ಕೊಂದವನು ಆ ಮನೆಯದ್ದೇ ಹಿಂದಿನ ಕಾರಣವರ್ (ಯಜಮಾನ), ಶಂಕರನ್ ತಂಬಿ. ಕನ್ನಡದಲ್ಲಿ ಅವನು ರಾಜ, ವಿಜಯ ರಾಜೇಂದ್ರ ಬಹಾದ್ದೂರ್. ಮನೆ ಅರಮನೆಯಾಯಿತು. ಕುಲದ ಮೂಲಮನೆಯಾದ ಐನ್‌ಮನೆ, ಅದರ ಹಿರಿಯನಾದ ಪಟ್ಟೆದಾರ, ಪೂಜೆಗೊಳ್ಳುವ ಮೂಲಪುರುಷನಾದ ಗುರುಕಾರೋಣ ಇವನ್ನೆಲ್ಲ ಬಲ್ಲ ನಿಮಗೆ ಮೊದಲನೆಯ ಭಯ ಹತ್ತಿರದ್ದು. ನಮ್ಮ ಹಿರೀಕನೇ ಮಾಡಿದ ಪಾಪ, ನಮ್ಮ ಮನೆಯದ್ದೇ ಬೀಗ ಹಾಕಿದ ಕೋಣೆ. ಕೂಡುಕುಟುಂಬದಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಾರೆ, ಗೋಡೆಯಾಚೆ ಯಾರಾದರೂ ಇದ್ದೇ ಇರುತ್ತಾರೆ. ಮಲಯಾಳದ ನಟವರ್ಗದ ಅಭಿನಯ ಆ ಅಳತೆಗೆ ಹೊಲಿದದ್ದು. ಅರಮನೆಗೆ ಅಷ್ಟು ಸಾಲದು. ಎತ್ತರದ ಛಾವಣಿ, ಅಗಲದ ಮೆಟ್ಟಿಲು, ದೊಡ್ಡ ಬಾಗಿಲು ಇರುವಲ್ಲಿ ಸಣ್ಣ ಕೈಸನ್ನೆ ಕಳೆದುಹೋಗುತ್ತದೆ. 'ಆಪ್ತಮಿತ್ರ'ದ ಅಭಿನಯ ದೊಡ್ಡದಾಗಿರುವುದಕ್ಕೆ ಇದು ಒಂದು ಕಾರಣ. 'ಅತಿಯಾಯಿತು' ಎಂದು ಬರೆಯುವ ಮೊದಲು ಕೋಣೆಯ ಅಳತೆ ನೋಡಿ.

ಅರಮನೆ ಮಾಡಿದ್ದರಿಂದ ಕನ್ನಡಕ್ಕೆ ದಕ್ಕಿದ ದೊಡ್ಡ ಲಾಭ ವಿಷ್ಣುವರ್ಧನ್ ಅವರ ರಾಜ. ಮಲಯಾಳದಲ್ಲಿ ಮೋಹನ್‌ಲಾಲ್ ಶಂಕರನ್ ತಂಬಿಯಾಗುವುದಿಲ್ಲ, ಅಲ್ಲಿ ವೈದ್ಯ ವೈದ್ಯನೇ. ಕನ್ನಡದಲ್ಲಿ ವೈದ್ಯನೂ ರಾಜನೂ ಒಬ್ಬರೇ ನಟ. ಸೌಮ್ಯ ವಿಜಯ್ ಮತ್ತು ಆ ಕ್ರೂರ, ಠೀವಿಯ ರಾಜ, ಇವರ ನಡುವಿನ ಅಂತರದಲ್ಲಿ ವಿಷ್ಣುವರ್ಧನ್ ತಮ್ಮ ಹರವು ಪೂರ್ತಿ ತೋರಿಸಿದ್ದಾರೆ. ಆದರೆ ಇದರ ಬೆಲೆಯನ್ನು ಗಂಗೆ ಕೊಟ್ಟಳು. ಇಡೀ ಕತೆಯಲ್ಲಿ ಇಬ್ಬರಾಗಿ ಒಡೆಯುವವಳು ಗಂಗೆ ಒಬ್ಬಳೇ ಆಗಿದ್ದರೆ ಆ ಒಡಕಿನ ಬೆರಗು ಅವಳದ್ದೇ ಆಗಿರುತ್ತಿತ್ತು. ಕೊನೆಯ ಭಾಗದಲ್ಲಿ ನಮ್ಮ ಕಣ್ಣು ಸೌಂದರ್ಯಾ ಅವರನ್ನು ಬಿಟ್ಟು ವಿಷ್ಣುವರ್ಧನ್ ಅವರ ಕಡೆಗೆ ಹೋಗುತ್ತದೆ. ಚಿತ್ರ ಬಯಸಿದ್ದೂ ಅದನ್ನೇ.

ಮೋಹನ್‌ಲಾಲ್ ಅವರ ಸನ್ನಿ ಅದರ ತದ್ವಿರುದ್ಧ. ಅವರು ತಮಾಷೆ ಮಾಡುತ್ತ ಮಾಡುತ್ತ ಎಲ್ಲರನ್ನೂ ಗಮನಿಸುತ್ತಿರುತ್ತಾರೆ. ತಮಾಷೆಯೇ ಮುಸುಕು. ಹಾಸ್ಯದ ದೃಶ್ಯದಲ್ಲಿ ಅವರ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಿ. ಗಂಡನ ಪಾತ್ರದಲ್ಲಿ ಸುರೇಶ್ ಗೋಪಿ ಮತ್ತು ರಮೇಶ್ ಅರವಿಂದ್ ಇಬ್ಬರಿಗೂ ಕೆಲಸ ಒಂದೇ, ನಂಬದಿರುವುದು, ಆಮೇಲೆ ಕುಸಿಯುವುದು. ಕುಸಿತದಲ್ಲಿ ರಮೇಶ್ ಅರವಿಂದ್ ಹೆಚ್ಚು ಮೃದು, ಹೆಚ್ಚು ನಂಬಿಕೆ ಹುಟ್ಟಿಸುತ್ತಾರೆ. ಮಾಂತ್ರಿಕನ ಪಾತ್ರದಲ್ಲಿ ತಿಲಕನ್ ಅವರದ್ದು ಮನೆಗೆ ಬಂದ ಹಿರಿಯ ವಿದ್ವಾಂಸನ ತೂಕ, ಅವಿನಾಶ್ ಅವರದ್ದು ಸನ್ನಿಧಿಯಲ್ಲಿ ನಿಂತ ಆಚಾರ್ಯನ ಬಿಗುವು. ಎರಡೂ ಅವರವರ ಮನೆಗೆ ಹೊಂದುತ್ತವೆ.

ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಎಲ್ಲರೂ ಮರೆಯುವ ಒಂದು ಪಾತ್ರಕ್ಕೆ: ಅನುಮಾನಕ್ಕೆ ಗುರಿಯಾಗುವ ಹುಡುಗಿ. ಮಲಯಾಳದಲ್ಲಿ ಶ್ರೀದೇವಿ, ಮಾಡಿದವರು ಉಡುಪಿಯ ಕನ್ನಡತಿ ವಿನಯಾ ಪ್ರಸಾದ್. ಕನ್ನಡದಲ್ಲಿ ಸೌಮ್ಯ, ಮಾಡಿದವರು ನಿಮ್ಮ ಕೊಡಗಿನ ಪ್ರೇಮಾ. ಈ ಪಾತ್ರದ ಕಷ್ಟ ಏನೆಂದರೆ, ಪ್ರೇಕ್ಷಕರು ಅನುಮಾನಪಡಬೇಕು, ಆದರೆ ಸತ್ಯ ತಿಳಿದ ಮೇಲೆ ಹಿಂದಿರುಗಿ ನೋಡಿದರೆ ಅವಳು ಒಮ್ಮೆಯೂ ಮೋಸ ಮಾಡಿರಬಾರದು. ಕಳ್ಳನೋಟ ಬೀರಿದರೆ ಅದು ಮೋಸ. ಬರೀ ದುಃಖದಿಂದ ಮುಖ ತಿರುಗಿಸಿದರೆ ಅನುಮಾನವೂ ಹುಟ್ಟುತ್ತದೆ, ಸುಳ್ಳೂ ಆಗುವುದಿಲ್ಲ. ವಿನಯಾ ಪ್ರಸಾದ್ ಇದನ್ನು ಬಹಳ ಕಡಿಮೆ ಚಲನೆಯಲ್ಲಿ ಸಾಧಿಸಿದ್ದಾರೆ. ಇವರ ದೃಶ್ಯ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೋ ಗಂಗೆಯ ತಿರುವು ಅಷ್ಟು ಜೋರಾಗಿ ಬಡಿಯುತ್ತದೆ. ಆದ್ದರಿಂದ ಗಂಗೆಯ ಅಂಕಪಟ್ಟಿಯಲ್ಲಿ ಈ ಇಬ್ಬರ ಹೆಸರೂ ಇರಬೇಕು.

ಕುಣಿತದ ಬಗ್ಗೆ ಕೇಳಿಯೇ ಕೇಳುತ್ತಾರೆ, ಆದ್ದರಿಂದ ಒಂದು ಸುಲಭದ ಎಣಿಕೆ ಇಟ್ಟುಕೊಳ್ಳಿ. ಮುಖ ಮತ್ತು ಪಾದ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವ ಶಾಟ್‌ಗಳು ಎಷ್ಟು, ಪ್ರತಿಯೊಂದೂ ಎಷ್ಟು ಸೆಕೆಂಡು ನಿಲ್ಲುತ್ತದೆ? ನಟಿ ನರ್ತಕಿಯಾಗಿದ್ದರೆ ನಿರ್ದೇಶಕ ಕತ್ತರಿಸದೆ ಬಿಡಬಲ್ಲ. ಅಲ್ಲದಿದ್ದರೆ ಕಣ್ಣು, ಕೈ, ಗೆಜ್ಜೆ ಎಂದು ತುಂಡು ತುಂಡಾಗಿ ಜೋಡಿಸಬೇಕಾಗುತ್ತದೆ. ಮಲಯಾಳದ ಆ ಹಾಡನ್ನು ಎಂ.ಜಿ. ರಾಧಾಕೃಷ್ಣನ್ ಕುಂತಲವರಾಳಿ ರಾಗದಲ್ಲಿ ಕಟ್ಟಿದ್ದಾರೆ. ಅದರ ಚುರುಕು ನಡೆಗೆ ಶೋಭನಾ ಅವರ ಹೆಜ್ಜೆ ಸಲೀಸಾಗಿ ಕೂರುತ್ತದೆ. ಅವರೊಂದಿಗೆ ಹೆಜ್ಜೆ ಹಾಕುವವರು ನಮ್ಮ ಕನ್ನಡದ ನಟ, ನೃತ್ಯಪಟು ಶ್ರೀಧರ್. ಇಬ್ಬರೂ ನಿಜವಾದ ನರ್ತಕರಾದ್ದರಿಂದ ಕ್ಯಾಮೆರಾ ಹಿಂದೆ ಸರಿದು ನಿಲ್ಲುವ ಧೈರ್ಯ ಮಾಡಿದೆ. ಕನ್ನಡದ ಕುಣಿತದಲ್ಲಿ ಸೌಂದರ್ಯಾ ಅವರ ಬಲ ಹೆಜ್ಜೆಯಲ್ಲಿಲ್ಲ, ಪ್ರಿಯಕರನನ್ನು ಕರೆಯುವ ನೋಟ ಕೋಪಕ್ಕೆ ಹೊರಳುವಲ್ಲಿ ಇದೆ. ಶೃಂಗಾರದಿಂದ ರೌದ್ರಕ್ಕೆ ಹೋಗುವ ಆ ಒಂದು ಹೊರಳು ನಿಜಕ್ಕೂ ದೊಡ್ಡದು.

ನೋಡುವಾಗ ಆಗುವ ತಪ್ಪುಗಳನ್ನೂ ಹೇಳುತ್ತೇನೆ. ಯಾವುದನ್ನು ಮೊದಲು ನೋಡಿದ್ದೇವೋ ಅದೇ ಮನಸ್ಸಿನಲ್ಲಿ ಮೂಲ ಆಗಿಬಿಡುತ್ತದೆ, ಎರಡನೆಯದು ನಕಲು ಎನಿಸುತ್ತದೆ. ಬಳಗದಲ್ಲಿ ಹನ್ನೆರಡು ಜನ ಇದ್ದರೆ ಆರು ಜನರಿಗೆ ಕನ್ನಡದ್ದು ಮೊದಲು, ಆರು ಜನರಿಗೆ ಮಲಯಾಳದ್ದು ಮೊದಲು ತೋರಿಸಿ, ಅಂಕ ಬರೆಸಿದ ಮೇಲೆಯೇ ಮಾತಿಗೆ ಕೂರಿಸಿ. ಮೊದಲು ಮಾತಾಡಿದರೆ ಗಟ್ಟಿದನಿಯವರ ಅಭಿಪ್ರಾಯವೇ ಎಲ್ಲರ ಹಾಳೆಯಲ್ಲಿ ಇರುತ್ತದೆ. ಸಬ್‌ಟೈಟಲ್ ಬೇಡ. ಮಲಯಾಳ ಬಾರದವರು ಅಕ್ಷರ ಓದುತ್ತ ಕೂತರೆ ಕಣ್ಣು ಪರದೆಯ ಕೆಳಗೇ ಇರುತ್ತದೆ, ಮುಖ ತಪ್ಪಿಹೋಗುತ್ತದೆ. ದೃಶ್ಯದ ಅರ್ಥವನ್ನು ಮೊದಲೇ ನಾಲ್ಕು ಮಾತಿನಲ್ಲಿ ಹೇಳಿಬಿಡಿ. ಪ್ರತಿಯ ಗುಣಮಟ್ಟವೂ ಮೋಸ ಮಾಡುತ್ತದೆ. ಮಲಯಾಳ ಚಿತ್ರ 2024ರಲ್ಲಿ 4ಕೆ ರೂಪದಲ್ಲಿ ಶುಚಿಗೊಂಡು ಮರುಬಿಡುಗಡೆಯಾಯಿತು. ಅದರ ಪಕ್ಕ ಟಿವಿಯಿಂದ ಇಳಿಸಿದ ಮಸುಕು 'ಆಪ್ತಮಿತ್ರ' ಇಟ್ಟರೆ ಸೌಂದರ್ಯಾ ಅವರ ಕಣ್ಣಿನ ಕೆಲಸ ಅರ್ಧ ಮಾಯವಾಗುತ್ತದೆ. ಎರಡನ್ನೂ ಒಂದೇ ದರ್ಜೆಯ ಪ್ರತಿಯಲ್ಲಿ ನೋಡಿ, ಸಿಗದಿದ್ದರೆ ಒಳ್ಳೆಯದನ್ನೂ ಸಣ್ಣ ಪರದೆಯಲ್ಲೇ ಹಾಕಿ. ವಾಸು ಅವರೇ 2005ರಲ್ಲಿ ತಮಿಳಿನಲ್ಲಿ ಮಾಡಿದ 'ಚಂದ್ರಮುಖಿ'ಯ ಜ್ಯೋತಿಕಾ ಅವರ ನೆನಪು ಕನ್ನಡದ ನೆನಪಿನೊಳಗೆ ಬೆರೆತುಹೋಗುವುದೂ ಸಾಮಾನ್ಯ. 'ಆ ಸೀನ್ ನನಗೆ ಚೆನ್ನಾಗಿ ನೆನಪಿದೆ' ಎಂದವರ ಮಾತನ್ನು ಚಿತ್ರ ಹಾಕಿ ನೋಡಿಯೇ ನಂಬಿ.

ನಿಮಗಿರುವುದು ಅರ್ಧ ಗಂಟೆ. ಮೊದಲ ಐದು ನಿಮಿಷ ಎರಡು ಹೆಸರುಗಳ ಅರ್ಥಕ್ಕೆ, ಗಂಗೆಯ ದೃಶ್ಯಗಳ ಸಮಯದ ಲೆಕ್ಕಕ್ಕೆ. ಆಮೇಲೆ ಕತೆ ಕೇಳುವ ದೃಶ್ಯದಿಂದ ಎರಡು ನಿಮಿಷ, ಎರಡು ಚಿತ್ರದಿಂದಲೂ. ಉಳಿದದ್ದೆಲ್ಲ ತಿರುವಿನ ದೃಶ್ಯಕ್ಕೆ, ಕನ್ನಡದ್ದು ಮೊದಲು, ಶಬ್ದವಿಲ್ಲದೆ. ಗಂಡ ಹೆಸರು ಕೂಗುವ ಕ್ಷಣದಲ್ಲಿ ನಿಲ್ಲಿಸಬೇಡಿ, ಇನ್ನೂ ಹತ್ತು ಸೆಕೆಂಡು ಬಿಡಿ. ಮರಳಿ ಬಂದ ಗಂಗೆ ಗಂಡನ ಮುಖದಲ್ಲಿ ಭಯ ಕಂಡು, ತನಗೇನಾಯಿತೆಂದು ತಿಳಿಯದೆ ನೋಡುತ್ತಾಳಲ್ಲ, ಇಬ್ಬರ ಆ ನೋಟವನ್ನು ಒಂದರ ಹಿಂದೆ ಒಂದು ತೋರಿಸಿ. ಅಪ್ಪ, ಅತ್ತೆ ಇಬ್ಬರನ್ನೂ ಮುಂದಿನ ಸಾಲಿನಲ್ಲೇ ಕೂರಿಸಿ.